ಬಿಡಿಸದೆ ಉಳಿದ ಗಂಟುಗಳು

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಕಡೆಯ ಮಠಗಳಲ್ಲಿ ತಿಂಗಳ ಪರ್ಯಂತ ಪುರಾಣ ಪ್ರವಚನ ನಡೆಯುವುದು ಅನೂಚಾನವಾಗಿ ಬಂದ ಪದ್ಧತಿ. ಒಂದೂರಿನಲ್ಲಿ ಬಸವಪುರಾಣವಾದರೆ ಮತ್ತೊಂದೂರಿನಲ್ಲಿ ಪ್ರಭುಲಿಂಗಲೀಲೆ, ಇನ್ನೊಂದೂರಿನಲ್ಲಿ ಚೆನ್ನಬಸವಪುರಾಣ. ಶಾಸ್ತ್ರಿಗಳು ಕಥೆಯನ್ನು ಕುತೂಹಲದ ಘಟ್ಟಕ್ಕೆ ತಂದು ನಿಲ್ಲಿಸಿ ಮಂಗಳ ಹಾಡಿಬಿಟ್ಟರೆ, ಮರುದಿನ ಸಂಜೆಯವರೆಗೆ ಊರ ಕಟ್ಟೆಯ ಮೇಲೆಲ್ಲ ಅದೇ ಮಾತು. ಇಂಥವನಿಗೆ ಇಂಥ ಬುದ್ಧಿ ಏಕೆ ಬಂದಿತು, ಆ ಕೂಸು ಮುಂದೆ ಏನಾಯಿತು, ನಿನ್ನೆ ಹೇಳಿದುದಕ್ಕೂ ಮೊನ್ನೆ ಹೇಳಿದುದಕ್ಕೂ ಹೊಂದಿಕೆ ಎಲ್ಲಿ ಎಂದು ಅಕ್ಷರ ಬಾರದ ಮುದುಕರು ಕೂಡ ವಾದಕ್ಕೆ ಇಳಿಯುತ್ತಿದ್ದರು. ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಾನು ಆ ವಾದಗಳನ್ನು ಕೇಳುತ್ತಲೇ ಬೆಳೆದವನು.

ಕಳೆದ ಬೇಸಿಗೆಯ ರಜೆಯಲ್ಲಿ ಅಂಥದೇ ವಾದ ನಮ್ಮ ಮನೆಯ ಪಡಸಾಲೆಯಲ್ಲಿ ಎದ್ದಿತು. ವ್ಯತ್ಯಾಸವಿಷ್ಟೇ: ಅಲ್ಲಿ ಪುರಾಣವಿರಲಿಲ್ಲ, ದೂರದರ್ಶನದ ಪೆಟ್ಟಿಗೆಯಿತ್ತು. ಮೊಮ್ಮಗ ಮತ್ತು ಮೊಮ್ಮಗಳು ಅಮೆರಿಕದ ಒಂದು ಹಳೆಯ ಧಾರಾವಾಹಿಯನ್ನು ಹಿಡಿದುಕೊಂಡು ರಾತ್ರಿಯ ಪ್ರಸಾದವಾದ ಮೇಲೆ ದಿನಕ್ಕೆ ಎರಡು ಸಂಚಿಕೆಯಂತೆ ನೋಡತೊಡಗಿದರು. ಮೊದಲು ನಾನು ಗದರಿದ್ದುಂಟು. ಹೊಗೆಯ ರೂಪದ ಭೂತ, ಮಾಯವಾಗುವ ದ್ವೀಪ, ಸತ್ತವರು ಎದ್ದು ಬಂದು ಮಾತನಾಡುವುದು, ಇವೆಲ್ಲ ಕಾಲಹರಣವಲ್ಲದೆ ಮತ್ತೇನು ಎಂಬುದು ನನ್ನ ಆಕ್ಷೇಪವಾಗಿತ್ತು. ಆದರೆ ಸಂಚಿಕೆ ಮುಗಿದ ಮೇಲೆ ಅವರು ಮಾಡುತ್ತಿದ್ದ ಚರ್ಚೆ ನನ್ನ ಕಿವಿಗೆ ಬೀಳುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ನನ್ನ ಆರಾಮ ಕುರ್ಚಿಯೂ ಪಡಸಾಲೆಗೆ ಬಂದಿತು. ಇಂಗ್ಲಿಷ್ ಸಂಭಾಷಣೆ ಅರ್ಧಕ್ಕರ್ಧ ಅರ್ಥವಾಗದ ನನಗೆ ಮೊಮ್ಮಗಳು ಕನ್ನಡಿಸಿ ಹೇಳುತ್ತಿದ್ದಳು. ಆ ಚರ್ಚೆಗಳಿಂದ ನನಗಾದ ಲಾಭವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ದ್ವೀಪದ ಕಥೆ

ಧಾರಾವಾಹಿಯ ಹೆಸರು ‘ಲಾಸ್ಟ್’. ಕಳೆದುಹೋದವರು, ದಾರಿ ತಪ್ಪಿದವರು ಎಂದು ಅದರ ಅರ್ಥ. 2004ರ ಸೆಪ್ಟೆಂಬರ್ 22ರಂದು ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ ಆರಂಭವಾಗಿ 2010ರ ಮೇ 23ರಂದು ಮುಗಿಯಿತು. ಆರು ಋತುಗಳಲ್ಲಿ ಒಟ್ಟು 121 ಸಂಚಿಕೆಗಳು. ಡೇಮನ್ ಲಿಂಡಲಾಫ್ ಮತ್ತು ಕಾರ್ಲ್‌ಟನ್ ಕ್ಯೂಸ್ ಎಂಬಿಬ್ಬರು ಅದರ ಕಥಾಸೂತ್ರವನ್ನು ಹಿಡಿದು ನಡೆಸಿದವರು. ಬಹುಪಾಲು ಚಿತ್ರೀಕರಣ ನಡೆದದ್ದು ಹವಾಯಿಯ ಒವಾಹು ದ್ವೀಪದಲ್ಲಿ. 2005ರಲ್ಲಿ ಶ್ರೇಷ್ಠ ನಾಟಕ ಧಾರಾವಾಹಿಗೆ ಸಲ್ಲುವ ಎಮ್ಮಿ ಪ್ರಶಸ್ತಿಯೂ ಇದಕ್ಕೆ ದೊರೆಯಿತು.

ಆಸ್ಟ್ರೇಲಿಯಾದ ಸಿಡ್ನಿಯಿಂದ ಅಮೆರಿಕದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನವೊಂದು ಹೆಸರಿಲ್ಲದ ದ್ವೀಪದಲ್ಲಿ ಒಡೆದು ಬೀಳುತ್ತದೆ. ವಿಮಾನದ ನಡುಭಾಗದಲ್ಲಿದ್ದವರ ಪೈಕಿ 48 ಜನ ಬದುಕಿ ಉಳಿಯುತ್ತಾರೆ. ವೈದ್ಯ, ವಂಚಕ, ಕೊಲೆ ಮಾಡಿ ಓಡಿಬಂದವಳು, ಇರಾಕಿನ ಮಾಜಿ ಸೈನಿಕ, ಮನಸ್ಸು ಮುರಿದ ಕೊರಿಯದ ದಂಪತಿಗಳು, ಲಾಟರಿ ಗೆದ್ದು ನೆಮ್ಮದಿ ಕಳೆದುಕೊಂಡ ತರುಣ, ಗಾಲಿಕುರ್ಚಿಯಲ್ಲಿ ವಿಮಾನವೇರಿ ದ್ವೀಪದಲ್ಲಿ ಎದ್ದು ನಡೆದ ಪ್ರೌಢ, ಹೀಗೆ ನಾನಾ ಬಗೆಯ ಜನ. ಪ್ರತಿ ಸಂಚಿಕೆಯಲ್ಲಿಯೂ ದ್ವೀಪದ ಕಥೆಯೊಡನೆ ಒಬ್ಬೊಬ್ಬರ ಪೂರ್ವವೃತ್ತಾಂತ ಹೆಣೆದುಕೊಂಡು ಬರುತ್ತದೆ. ಪೂರ್ವಾರ್ಜಿತವನ್ನು ಹೊತ್ತು ಬಂದವರು ಅದನ್ನು ಕಳೆದುಕೊಳ್ಳುವರೋ, ಇನ್ನಷ್ಟು ಗಳಿಸಿಕೊಳ್ಳುವರೋ ಎಂಬುದೇ ಕಥೆಯ ನಿಜವಾದ ಕುತೂಹಲ. ಹೊಗೆಯ ಭೂತವೂ ಕಾಡಿನ ಪಿಸುಮಾತುಗಳೂ ಅದರ ಹೊರಗಣ ಕವಚ ಮಾತ್ರ.

ನಮ್ಮವರಿಗೆ ಕಿವಿ ನಿಮಿರಿಸುವ ಕೆಲವು ಅಂಶಗಳೂ ಅದರಲ್ಲಿವೆ. ಆ ದ್ವೀಪದಲ್ಲಿ 1970ರ ದಶಕದಲ್ಲಿ ವಿಜ್ಞಾನಿಗಳ ತಂಡವೊಂದು ಪ್ರಯೋಗಗಳನ್ನು ನಡೆಸಿತ್ತೆಂದು ಕಥೆ ಹೇಳುತ್ತದೆ. ಆ ತಂಡದ ಹೆಸರು ‘ಧರ್ಮ’. ಅವರು ಪರಸ್ಪರ ವಂದಿಸುವ ಮಾತು ‘ನಮಸ್ತೆ’. ಕಥೆಯುದ್ದಕ್ಕೂ ಕಾಡುವ ಆರು ಸಂಖ್ಯೆಗಳಿವೆ: 4, 8, 15, 16, 23, 42. ಇವನ್ನು ಕೂಡಿಸಿದರೆ 108. ನೆಲದಡಿಯ ಕೋಣೆಯೊಂದರಲ್ಲಿ 108 ನಿಮಿಷಗಳಿಗೊಮ್ಮೆ ಗುಂಡಿಯೊಂದನ್ನು ಒತ್ತದಿದ್ದರೆ ಲೋಕಕ್ಕೆ ಅನಾಹುತವಾಗುವುದೆಂದು ಒಬ್ಬ ಹಗಲಿರುಳು ಕಾದು ಕುಳಿತಿರುತ್ತಾನೆ. ಅಷ್ಟೋತ್ತರದ ಸಂಖ್ಯೆ ಅಲ್ಲಿ ಪ್ರತ್ಯಕ್ಷವಾದಾಗ ನಾನು ಎದ್ದು ಕುಳಿತೆನೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಹೆಸರು ಧರ್ಮವಾದರೂ ಆ ತಂಡದವರು ಮೃಗಗಳನ್ನು ಪಂಜರದಲ್ಲಿಟ್ಟು ಪ್ರಯೋಗ ನಡೆಸಿದರು, ಬೇಲಿ ಹಾಕಿ ಕುಳಿತರು, ಕಡೆಗೆ ದ್ವೀಪದವರ ವಿಷವಾಯುವಿಗೆ ತುತ್ತಾದರು. ಕರುಣೆಯನ್ನು ಬೇರಾಗಿ ಉಳ್ಳದ್ದೇ ಧರ್ಮವೆಂದು ಬಸವಣ್ಣನವರಿಂದ ಕಲಿತ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೆಸರಿನ ಫಲಕ ಎಲ್ಲಿಯೂ ಧರ್ಮವಲ್ಲ.

ಪಾತ್ರಗಳ ಪರಿಪಾಕ

ಈ ಧಾರಾವಾಹಿಯ ಅಭಿಮಾನಿಗಳು ಅಂದಿನಿಂದ ಇಂದಿನವರೆಗೂ ಬಿಡದೆ ಚರ್ಚಿಸುವ ವಿಷಯಗಳು ಎರಡು. ಯಾವ ಪಾತ್ರ ನಿಜವಾಗಿ ಬೆಳೆಯಿತು ಎಂಬುದು ಮೊದಲನೆಯದು. ಯಾವ ಯಾವ ಪ್ರಶ್ನೆಗಳು ಉತ್ತರವಿಲ್ಲದೆ ಉಳಿದವು ಎಂಬುದು ಎರಡನೆಯದು.

ಮೊಮ್ಮಗನ ಮೆಚ್ಚಿನ ಪಾತ್ರ ವೈದ್ಯ ಜ್ಯಾಕ್. ಎಲ್ಲವನ್ನೂ ತಾನೇ ಸರಿಪಡಿಸಬೇಕೆಂಬ ಹಟದವನು. ಕಣ್ಣಿಗೆ ಕಾಣದುದನ್ನು ನಂಬದವನು. ದ್ವೀಪದಿಂದ ಪಾರಾಗಿ ಊರು ಸೇರಿದ ಆರು ಜನರಲ್ಲಿ ಅವನೂ ಒಬ್ಬ. ಆದರೆ ಉಳಿದವರನ್ನು ಬಿಟ್ಟು ಬಂದು ಲೋಕಕ್ಕೆ ಸುಳ್ಳು ಹೇಳಿದ ಭಾರ ಅವನನ್ನು ಕುಡುಕನನ್ನಾಗಿ ಮಾಡುತ್ತದೆ. ಹಿಂದಿರುಗಿ ಬಂದವನು ಹಳೆಯ ಜ್ಯಾಕ್ ಅಲ್ಲ. ಕಡೆಗೆ ದ್ವೀಪದ ರಕ್ಷಣೆಯ ಹೊಣೆಯನ್ನು ತಾನಾಗಿ ಕೇಳಿ ಪಡೆಯುತ್ತಾನೆ, ಕಾರ್ಯ ಮುಗಿಯುವ ಮುನ್ನ ಅದನ್ನು ಲಾಟರಿಯ ತರುಣ ಹರ್ಲಿಗೆ ಒಪ್ಪಿಸುತ್ತಾನೆ, ತಾನು ಮೊದಲು ಕಣ್ತೆರೆದ ಬಿದಿರಿನ ಮೆಳೆಯಲ್ಲಿಯೇ ಮಲಗಿ ಕಣ್ಣು ಮುಚ್ಚುತ್ತಾನೆ. ಮೊದಲ ಸಂಚಿಕೆಯ ಮೊದಲ ದೃಶ್ಯ ತೆರೆಯುವ ಕಣ್ಣು. ಕಡೆಯ ದೃಶ್ಯ ಮುಚ್ಚುವ ಕಣ್ಣು.

ಮೊಮ್ಮಗಳಿಗೆ ಇಷ್ಟವಾದವನು ಸಾಯರ್ ಎಂಬ ವಂಚಕ. ಬಾಲ್ಯದಲ್ಲಿ ಒಬ್ಬ ಮೋಸಗಾರನ ದೆಸೆಯಿಂದ ತಂದೆತಾಯಿಯರನ್ನು ಕಳೆದುಕೊಂಡವನು, ಆ ಮೋಸಗಾರನ ಹೆಸರನ್ನೇ ತಾನಿಟ್ಟುಕೊಂಡು ಅದೇ ಮೋಸದ ವೃತ್ತಿಯನ್ನು ಹಿಡಿಯುತ್ತಾನೆ. ವೈರಿ ಕೈಗೆ ಸಿಕ್ಕಾಗ ಕೊಲ್ಲುತ್ತಾನೆ. ಆದರೆ ಸೇಡು ತೀರಿದ ಮೇಲೆ ಅವನ ಮುಖದಲ್ಲಿ ಶಾಂತಿಯಿಲ್ಲ. ಅವನನ್ನು ತಿದ್ದಿದ್ದು ಆ ಕೊಲೆಯಲ್ಲ. ಮೂರು ವರ್ಷಗಳ ಕಾಲ ಒಂದು ಕೆಲಸವನ್ನು ಹೊಣೆಯಿಂದ ಮಾಡಿದ್ದು, ಒಬ್ಬ ಸ್ತ್ರೀಯೊಡನೆ ಪ್ರಾಮಾಣಿಕವಾಗಿ ಸಂಸಾರ ಹೂಡಿದ್ದು ಅವನನ್ನು ತಿದ್ದುತ್ತದೆ. ಕಾಯಕದಿಂದ ಮನುಷ್ಯ ಮಾಗುತ್ತಾನೆಂದು ನಾವು ವೇದಿಕೆಯ ಮೇಲಿಂದ ನೂರು ಸಲ ಹೇಳುವುದನ್ನು ಆ ಹುಡುಗಿ ತಾನಾಗಿ ಕಂಡುಕೊಂಡು ನನಗೆ ಹೇಳಿದಳು.

ಆದರೆ ಎಲ್ಲ ಪಾತ್ರಗಳಿಗೂ ಈ ಭಾಗ್ಯ ಲಭಿಸಿಲ್ಲ. ಇರಾಕಿನ ಸೈನಿಕ ಸಯೀದನ ಪಾತ್ರವನ್ನು ನಿರ್ವಹಿಸಿದವರು ನವೀನ್ ಆಂಡ್ರ್ಯೂಸ್, ಕೇರಳ ಮೂಲದ ತಂದೆತಾಯಿಯರಿಗೆ ಲಂಡನ್ನಿನಲ್ಲಿ ಜನಿಸಿದ ನಟರು. ಕೈದಿಗಳನ್ನು ಹಿಂಸಿಸಿದ ಪಾಪಪ್ರಜ್ಞೆ ಸಯೀದನನ್ನು ಬೆನ್ನು ಹತ್ತಿದೆ. ಅದರಿಂದ ಬಿಡಿಸಿಕೊಳ್ಳಲು ಐದು ಋತುಗಳ ಉದ್ದಕ್ಕೂ ಹೆಣಗುವವನನ್ನು ಆರನೆಯದರಲ್ಲಿ ಯಾವುದೋ ದುಷ್ಟಶಕ್ತಿ ಹೊಕ್ಕಿತೆಂದು ಹೇಳಿ ಕಲ್ಲಿನಂತೆ ನಿಲ್ಲಿಸಿದ್ದಾರೆ. ಬಾಂಬನ್ನು ಅಪ್ಪಿಕೊಂಡು ಓಡಿ ಇತರರನ್ನು ಉಳಿಸುವ ಅವನ ಮರಣ ಉದಾತ್ತವೇ. ಆದರೆ ಅಲ್ಲಿಗೆ ಅವನು ಹೇಗೆ ತಲುಪಿದನೆಂಬ ಮೆಟ್ಟಿಲುಗಳನ್ನು ಕಥೆಗಾರರು ತೋರಿಸಲಿಲ್ಲ. ಅಭಿಮಾನಿಗಳ ಈ ದೂರು ನ್ಯಾಯವಾದುದೆಂದು ನನಗೂ ತೋರಿತು. ಪರಿವರ್ತನೆ ಒಳಗಿನಿಂದ ಬರಬೇಕು. ಭೂತ ಹೊಕ್ಕು ಕೆಟ್ಟವನಾದರೆ, ಭೂತ ಬಿಟ್ಟು ಒಳ್ಳೆಯವನಾದರೆ ಅದರಲ್ಲಿ ಅವನ ಪುರುಷಪ್ರಯತ್ನ ಎಲ್ಲಿ ಉಳಿಯಿತು?

ನಮ್ಮ ಸೊಸೆ ಎಂದೂ ಈ ಚರ್ಚೆಗೆ ಬಾರದವಳು, ಒಂದು ರಾತ್ರಿ ಮಾತ್ರ ಸಿಟ್ಟಿನಿಂದ ಮಾತನಾಡಿದಳು. ಮುಳುಗುವ ಜಲಾಂತರ್ಗಾಮಿಯಲ್ಲಿ ಕೊರಿಯದ ಸನ್ ಸಿಕ್ಕಿಬಿದ್ದಿದ್ದಾಳೆ. ಪತಿ ಜಿನ್ ತಾನು ಪಾರಾಗಬಹುದಾಗಿದ್ದರೂ ಅವಳ ಕೈಬಿಡದೆ ಜೊತೆಯಲ್ಲಿಯೇ ಪ್ರಾಣ ಬಿಡುತ್ತಾನೆ. ಮಕ್ಕಳಿಬ್ಬರೂ ಕಣ್ಣೀರು ಹಾಕುತ್ತಿರುವಾಗ ಸೊಸೆ, “ಊರಾಗ ಒಂದು ಹಸುಗೂಸು ಬಿಟ್ಟು ಬಂದಾರಲ್ಲ, ಅದರ ಹೆಸರು ಒಬ್ಬರ ಬಾಯಾಗರೆ ಬಂತೇನು? ಅಪ್ಪ ಅನ್ನಾವ ಅದಕ್ಕ ಒಬ್ಬನರೆ ಉಳೀಬೇಕಿತ್ತಲ್ಲ” ಎಂದಳು. ಪ್ರೇಮದ ದೃಷ್ಟಿಯಿಂದ ಜಿನ್ ದೊಡ್ಡವನು, ಕರ್ತವ್ಯದ ದೃಷ್ಟಿಯಿಂದ ತಪ್ಪಿದವನು ಎಂಬ ಎರಡು ಪಕ್ಷ ಅಂದು ಮನೆಯಲ್ಲಿ ಹುಟ್ಟಿಕೊಂಡವು. ಅಮೆರಿಕದ ಅಭಿಮಾನಿಗಳಲ್ಲಿಯೂ ಇದೇ ಎರಡು ಪಕ್ಷಗಳಿದ್ದವೆಂದು ಮೊಮ್ಮಗ ಆಮೇಲೆ ತಿಳಿಸಿದನು.

ಕಟ್ಟದೆ ಬಿಟ್ಟ ಎಳೆಗಳು

ಇನ್ನು ಉತ್ತರವಿಲ್ಲದ ಪ್ರಶ್ನೆಗಳ ಮಾತು. “ಅಜ್ಜಾ, ಲಿಬ್ಬಿ ಅನ್ನಾಕಿ ಹರ್ಲಿ ಇದ್ದ ಹುಚ್ಚಾಸ್ಪತ್ರ್ಯಾಗನ ಯಾಕ ಇದ್ದಳು ಅಂತ ಕಡೀ ತನಕಾ ಹೇಳಲೇ ಇಲ್ಲ ನೋಡ್ರಿ” ಎಂದು ಮೊಮ್ಮಗ ನನ್ನನ್ನೇ ಅಪರಾಧಿಯಂತೆ ಕೇಳಿದ್ದುಂಟು. ಕತ್ತಲಲ್ಲಿ ದೋಣಿಯಲ್ಲಿ ಹೋಗುವವರ ಮೇಲೆ ಹಿಂದಿನ ದೋಣಿಯವರು ಗುಂಡು ಹಾರಿಸುತ್ತಾರೆ. ಅವರು ಯಾರೆಂದು ಕಥೆ ತಿಳಿಸುವುದಿಲ್ಲ. ಹೊಗೆಯ ಭೂತವಾದ ಕಪ್ಪು ಬಟ್ಟೆಯವನಿಗೆ ಹೆಸರೇ ಇಲ್ಲ. ವಾಲ್ಟ್ ಎಂಬ ಬಾಲಕನಲ್ಲಿ ಅಪೂರ್ವ ಶಕ್ತಿಯಿದೆಯೆಂದು ದೊಡ್ಡದಾಗಿ ಹೇಳಿ, ಎರಡು ಋತುಗಳಾದ ಮೇಲೆ ಅವನನ್ನು ಬಹುಮಟ್ಟಿಗೆ ಮರೆತೇಬಿಟ್ಟರು.

ಈ ಗಂಟುಗಳೆಲ್ಲ ಒಂದೇ ಜಾತಿಯವಲ್ಲವೆಂದು ವಿಚಾರಿಸಿದಾಗ ತಿಳಿಯುತ್ತದೆ.

ಮೊದಲನೆಯವು ಅನಿವಾರ್ಯದಿಂದ ಉಳಿದವು. ದ್ವೀಪದ ಕಥೆಯಲ್ಲಿ ಕೆಲವೇ ತಿಂಗಳು ಕಳೆಯುವಷ್ಟರಲ್ಲಿ ಚಿತ್ರೀಕರಣಕ್ಕೆ ವರ್ಷಗಳು ಹಿಡಿದವು. ವಾಲ್ಟನ ಪಾತ್ರದ ಹುಡುಗ ಈ ನಡುವೆ ಎತ್ತರವಾಗಿ ಬೆಳೆದುಬಿಟ್ಟನು. ಎಕೋ ಎಂಬ ಗಂಭೀರ ಪಾತ್ರದ ನಟರು ತಾವಾಗಿಯೇ ಬಿಡುಗಡೆ ಬಯಸಿದ್ದರಿಂದ ಆ ಪಾತ್ರವನ್ನು ಮೂರನೆಯ ಋತುವಿನಲ್ಲಿಯೇ ಮುಗಿಸಬೇಕಾಯಿತು. 2007–08ರಲ್ಲಿ ಹಾಲಿವುಡ್ಡಿನ ಬರಹಗಾರರು ಮುಷ್ಕರ ಹೂಡಿದ್ದರಿಂದ ನಾಲ್ಕನೆಯ ಋತು 14 ಸಂಚಿಕೆಗಳಿಗೆ ಇಳಿಯಿತು. ಇವು ಕಾಲಧರ್ಮ. ಇದಕ್ಕೆ ಯಾರನ್ನೂ ದೂಷಿಸಲಾಗದು.

ಎರಡನೆಯವು ಬೇಕೆಂದೇ ತೆರೆದಿಟ್ಟವು. ಕಪ್ಪು ಬಟ್ಟೆಯವನಿಗೆ ಹೆಸರಿಡದಿರುವುದು ಇಂಥದು. ಹೆತ್ತ ತಾಯಿ ಒಂದೇ ಹೆಸರನ್ನು ಆರಿಸಿಟ್ಟಿದ್ದಳು, ಅದನ್ನು ಮೊದಲ ಮಗುವಿಗೆ ಕೊಟ್ಟಳು; ಎರಡನೆಯ ಮಗು ಬರುವುದೆಂದು ಅವಳಿಗೆ ತಿಳಿದೇ ಇರಲಿಲ್ಲ. ಹೆಸರಿಲ್ಲದೆ ಬೆಳೆದವನ ಹಸಿವೇ ಕಥೆಯ ಕೇಡಿಗೆಲ್ಲ ಮೂಲ. ಅಲ್ಲಿ ಹೆಸರಿಟ್ಟಿದ್ದರೆ ಅರ್ಥವೇ ಕೆಡುತ್ತಿತ್ತು.

ಮೂರನೆಯವು ಮಾತು ಕೊಟ್ಟು ತಪ್ಪಿದವು. ನೋಡುಗರನ್ನು ಹಿಡಿದಿಡುವ ಉದ್ದೇಶದಿಂದ ಪ್ರಶ್ನೆ ಹುಟ್ಟಿಸಿ, ಉತ್ತರದ ಯೋಚನೆಯಿಲ್ಲದೆ ಮುಂದೆ ಹೋಗುವುದು. ಇದು ಸಾಲ ಪಡೆದು ತೀರಿಸದೆ ಇರುವುದಕ್ಕೆ ಸಮಾನ. ಕಥೆ ಹೇಳುವುದೂ ಒಂದು ಕಾಯಕವೇ ಆದುದರಿಂದ ಅದರಲ್ಲಿಯೂ ಸತ್ಯಶುದ್ಧತೆ ಬೇಕು. ಲಿಬ್ಬಿಯ ವಿಷಯ ಈ ವರ್ಗಕ್ಕೆ ಸೇರಿತೆಂದು ನಮ್ಮ ಮನೆಯ ಸಭೆ ಏಕಕಂಠದಿಂದ ತೀರ್ಮಾನಿಸಿತು.

ಕಥೆಗಾರರಿಗೂ ಈ ಸಾಲದ ಅರಿವಿದ್ದಂತೆ ತೋರುತ್ತದೆ. ಧಾರಾವಾಹಿ ಮುಗಿದ ವರ್ಷವೇ ಅದರ ಮುದ್ರಿಕೆಗಳೊಡನೆ ಸುಮಾರು 12 ನಿಮಿಷಗಳ ಪುಟ್ಟ ಅನುಬಂಧವೊಂದನ್ನು ಹೊರತಂದರು. ದ್ವೀಪಕ್ಕೆ ಆಹಾರದ ಪೊಟ್ಟಣ ಕಳಿಸುವ ಕೆಲಸವನ್ನು ಗುವಾಮ್ ದ್ವೀಪದ ಉಗ್ರಾಣದಲ್ಲಿ ಇಬ್ಬರು ಏಕೆಂದು ತಿಳಿಯದೆ ಇನ್ನೂ ಮಾಡುತ್ತಲೇ ಇರುತ್ತಾರೆ. ಅಲ್ಲಿಗೆ ಬಂದವನೊಬ್ಬ ಅವರ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಿ ಆ ಕೆಲಸದಿಂದ ಬಿಡಿಸುತ್ತಾನೆ. ಬಳಿಕ ಆಸ್ಪತ್ರೆಯಲ್ಲಿ ಒಬ್ಬಂಟಿಯಾಗಿದ್ದ ವಾಲ್ಟನನ್ನು ಹುಡುಕಿ, ನಿನ್ನ ಸ್ಥಾನ ಬೇರೆಡೆ ಇದೆಯೆಂದು ಕರೆದೊಯ್ಯುತ್ತಾನೆ. ಮರೆತುಹೋದ ಮಗುವನ್ನು ಮರಳಿ ಕರೆತರಲು ಮಾಡಿದ ಆ ಚಿಕ್ಕ ಪ್ರಯತ್ನ ನನಗೆ ಹಿಡಿಸಿತು.

ನಮ್ಮ ಪರಂಪರೆಯಲ್ಲಿ ಇದೇ ವಿಚಾರ

ಕಥೆ ಕೇಳಿದವರು ಸುಮ್ಮನಿರದೆ ಅದರ ಗಂಟುಗಳನ್ನು ಕೈಗೆತ್ತಿಕೊಳ್ಳುವುದು ಹೊಸತೇನಲ್ಲ. ಅಲ್ಲಮಪ್ರಭುಗಳ ಚರಿತ್ರೆಯನ್ನೇ ತೆಗೆದುಕೊಳ್ಳೋಣ. ಹರಿಹರನ ರಗಳೆಯಲ್ಲಿ ಅಲ್ಲಮನು ಮದ್ದಳೆಯ ತರುಣ, ಕಮಲತೆಯಲ್ಲಿ ಅನುರಕ್ತನಾಗುತ್ತಾನೆ. ಅವಳು ಜ್ವರದಿಂದ ಮಡಿದಾಗ ಹುಚ್ಚನಂತೆ ಅಲೆಯುತ್ತಾನೆ. ಹಾಗೆ ಅಲೆಯುತ್ತ ಕುಳಿತಲ್ಲಿ ಕಾಲ್ಬೆರಳಿಗೆ ನೆಲದಡಿಯ ಗುಡಿಯ ಕಳಸ ತಾಕುತ್ತದೆ, ಒಳಗೆ ಅನಿಮಿಷಯ್ಯನ ಕೈಯಿಂದ ಲಿಂಗವು ದೊರೆಯುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಾದರೋ ಅಲ್ಲಮನು ಮೊದಲಿನಿಂದಲೂ ನಿರ್ಲಿಪ್ತ. ಬನವಸೆಯ ಮಮಕಾರ ರಾಜನ ಮಗಳಾಗಿ ಹುಟ್ಟಿದ ಮಾಯೆ ಎಷ್ಟು ಬೆನ್ನಟ್ಟಿದರೂ ಆತನು ಕೈಗೆ ಸಿಗುವುದಿಲ್ಲ.

ವಿದ್ಯಾರ್ಥಿಯಾಗಿದ್ದಾಗ ನಾನು ಗುರುಗಳನ್ನು ಕೇಳಿದ್ದೆ: ಈ ಎರಡರಲ್ಲಿ ಸತ್ಯವಾವುದು? ಹುಡುಗನ ಬಾಯಿ ಮುಚ್ಚಿಸುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. “ಬಿದ್ದು ಎದ್ದವನ ಕಥೆ ಬಿದ್ದವರಿಗೆ ಬೇಕು, ಬೀಳದವನ ಕಥೆ ಎದ್ದು ನಿಂತವರಿಗೆ ಬೇಕು. ನೀನು ಈಗ ಯಾವ ಕಡೆ ಇದ್ದೀಯೋ ನೋಡಿಕೊ” ಎಂದರು. ಪಾತ್ರದ ಬೆಳವಣಿಗೆಯ ಬಗೆಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಈವರೆಗೆ ಕೇಳಿಲ್ಲ. ಮೊಮ್ಮಕ್ಕಳಿಗೆ ಇದನ್ನು ಹೇಳಿದಾಗ, ಅವರು ಹರಿಹರನ ಪಕ್ಷ ವಹಿಸಿದರು. ತರುಣರಿಗೆ ಅದು ಸಹಜ.

ಶೂನ್ಯಸಂಪಾದನೆಯ ವೃತ್ತಾಂತ ಇನ್ನೂ ಸ್ವಾರಸ್ಯವಾದುದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶರಣರ ವಚನಗಳನ್ನು ಸಂವಾದ ರೂಪದಲ್ಲಿ ಜೋಡಿಸಿ ಮೊದಲ ಸಂಪಾದನೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಸೊನ್ನಲಿಗೆಯ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಗುವ ಪ್ರಸಂಗವಿಲ್ಲ. ಕೆರೆಕಟ್ಟೆಗಳನ್ನು ಕಟ್ಟಿಸಿದ ಅಂಥ ಕರ್ಮಯೋಗಿ ಕಲ್ಯಾಣಕ್ಕೆ ಬಂದ ಮೇಲೆ ದೀಕ್ಷೆ ಪಡೆದರೋ ಇಲ್ಲವೋ? ಓದಿದವರಿಗೆ ಈ ಎಳೆ ಕಾಡಿತು. ಮುಂದೆ ಹಲಗೆಯ ದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ನಿಲುವಿಗೆ ಅನುಗುಣವಾಗಿ ಸಂಪಾದನೆಯನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯಲ್ಲಿ ಚೆನ್ನಬಸವಣ್ಣನವರು ಸಿದ್ಧರಾಮರಿಗೆ ದೀಕ್ಷೆ ನೀಡುತ್ತಾರೆ. ಆ ಮಹನೀಯರನ್ನು ಧಾರಾವಾಹಿಯ ಅಭಿಮಾನಿಗಳಿಗೆ ಹೋಲಿಸುವ ಅವಿನಯ ನನ್ನದಲ್ಲ. ಅದು ಅನುಭಾವ, ಇದು ವಿನೋದ. ಆದರೂ ಪ್ರೀತಿಯಿಂದ ಓದಿದವನಿಗೆ ಮಾತ್ರ ಬಿಟ್ಟುಹೋದುದು ಕಾಣುತ್ತದೆ ಎಂಬ ನಿಯಮ ಎರಡಕ್ಕೂ ಒಂದೇ. ಉದಾಸೀನನ ಕಣ್ಣಿಗೆ ಯಾವ ಗಂಟೂ ಬೀಳದು.

ಅದ್ಭುತದ ವಿಚಾರವೂ ಹಾಗೆಯೇ. ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಠಣ್ಣೆಂದು ಸದ್ದಾಯಿತು. ಪ್ರಭುವಿನ ದೇಹದಲ್ಲಿ ಬೀಸಿದಾಗ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಇದನ್ನು ಕೇಳಿ ಖಡ್ಗದ ಅಳತೆ ವಿಚಾರಿಸುವವರಿಲ್ಲ. ದೇಹವನ್ನು ಗಟ್ಟಿ ಮಾಡಿಕೊಂಡವನಿಗೂ ದೇಹಭಾವವನ್ನೇ ಕಳೆದುಕೊಂಡವನಿಗೂ ಇರುವ ಅಂತರವನ್ನು ತೋರಿಸಲು ಅಲ್ಲಿ ಅದ್ಭುತ ಬಂದಿದೆ. ಒಳ್ಳೆಯ ಕಥೆಯಲ್ಲಿ ಅಲೌಕಿಕವು ಒಳಗಿನ ಮಾತನ್ನು ಹೊರಗೆ ಕಾಣಿಸುವ ದೀಪ. ‘ಲಾಸ್ಟ್’ ಕಥೆಯ ಕಾಡಿನ ಪಿಸುಮಾತುಗಳು ಇಂಥವು. ಮಾಡಿದ ತಪ್ಪಿನ ಭಾರದಿಂದ ಮುಂದೆ ಹೋಗಲಾರದೆ ಅಲ್ಲಿಯೇ ಸುಳಿಯುವ ಸತ್ತವರ ದನಿ ಅವೆಂದು ಕಡೆಯ ಋತುವಿನಲ್ಲಿ ತಿಳಿಯುತ್ತದೆ. ಮಗನನ್ನು ಬಿಡಿಸಿಕೊಳ್ಳಲು ಇಬ್ಬರು ಸ್ತ್ರೀಯರ ಪ್ರಾಣ ತೆಗೆದ ವಾಲ್ಟನ ತಂದೆ ಮೈಕಲ್ ಆ ಪಿಸುಮಾತುಗಳಲ್ಲಿ ಒಬ್ಬ.

ಹೊರಗೆ ಕುಳಿತವನು

2010ರ ಮೇ 23ರ ರಾತ್ರಿ ಕಡೆಯ ಸಂಚಿಕೆಯನ್ನು ಅಮೆರಿಕದಲ್ಲಿ ಸುಮಾರು 1 ಕೋಟಿ 35 ಲಕ್ಷ ಜನ ವೀಕ್ಷಿಸಿದರು. ಅವರಲ್ಲಿ ಅನೇಕರು, ವಿಮಾನ ಬಿದ್ದಾಗಲೇ ಎಲ್ಲರೂ ಸತ್ತಿದ್ದರು, ಆರು ವರ್ಷ ನಮ್ಮನ್ನು ಮೋಸಗೊಳಿಸಿದರು ಎಂದು ಕೋಪಗೊಂಡರು. ಕಥೆ ಮುಗಿದ ಮೇಲೆ ಹೆಸರುಗಳು ಸರಿಯುವಾಗ ಜನರಿಲ್ಲದ ಕಡಲ ದಂಡೆ ಮತ್ತು ವಿಮಾನದ ಅವಶೇಷಗಳ ಚಿತ್ರಗಳನ್ನು ವಾಹಿನಿಯವರು ತೋರಿಸಿದ್ದು ಈ ತಪ್ಪು ತಿಳುವಳಿಕೆಯನ್ನು ಹೆಚ್ಚಿಸಿತು. ವಾಸ್ತವದಲ್ಲಿ ದ್ವೀಪದಲ್ಲಿ ನಡೆದದ್ದೆಲ್ಲ ನಡೆದದ್ದೇ ಎಂದು ಜ್ಯಾಕನ ಮೃತ ತಂದೆ ಮಗನಿಗೆ ಸ್ಪಷ್ಟವಾಗಿ ತಿಳಿಸುತ್ತಾನೆ. ಒಬ್ಬರು ಮೊದಲು, ಒಬ್ಬರು ಬಹುಕಾಲದ ನಂತರ, ತಮ್ಮ ತಮ್ಮ ಕಾಲದಲ್ಲಿ ಎಲ್ಲರೂ ತೀರಿಕೊಂಡವರೇ. ಮುಂದಿನ ಪಯಣಕ್ಕೆ ಒಟ್ಟಾಗಿ ಹೊರಡಲು ಅವರು ಒಂದು ಪ್ರಾರ್ಥನಾ ಮಂದಿರದಲ್ಲಿ ಸೇರಿದ್ದಾರೆ. ಅಲ್ಲಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಶಿಲುಬೆಯೊಡನೆ ಓಂಕಾರವೂ ಧರ್ಮಚಕ್ರವೂ ಇತರ ಮತಗಳ ಚಿಹ್ನೆಗಳೂ ಇವೆ.

ಎಲ್ಲರೂ ಒಳಗೆ ಹೋಗುತ್ತಾರೆ. ಬೆನ್ ಒಬ್ಬನೇ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾನೆ. ಇವನು ಕಥೆಯ ದೊಡ್ಡ ಕಪಟಿ. ಹೆತ್ತ ತಂದೆಯನ್ನು ಕೊಂದವನು. ತನ್ನ ಹಟದಿಂದ ಸಾಕುಮಗಳ ಪ್ರಾಣ ಹೋಗುವುದನ್ನು ಕಣ್ಣಾರೆ ಕಂಡವನು. ನಂಬಿಕೆಯನ್ನೇ ಉಸಿರಾಗಿಸಿಕೊಂಡಿದ್ದ ಲಾಕ್ ಎಂಬ ಗಾಲಿಕುರ್ಚಿಯ ಮನುಷ್ಯನನ್ನು ಕೊರಳು ಬಿಗಿದು ಕೊಂದವನು. ಆ ಲಾಕ್ ಮಂದಿರಕ್ಕೆ ಬರುವಾಗ ಬೆನ್ ತಡೆದು ಕ್ಷಮೆ ಬೇಡುತ್ತಾನೆ. ಲಾಕ್ ಕ್ಷಮಿಸಿ ಒಳಗೆ ಹೋಗುತ್ತಾನೆ. ಹರ್ಲಿ ಹೊರಗೆ ಬಂದು ಒಳಗೆ ಕರೆದರೂ ಬೆನ್ ಏಳುವುದಿಲ್ಲ. ತಾನು ತೀರಿಸಬೇಕಾದದ್ದು ಇನ್ನೂ ಇದೆಯೆಂದು ಅಲ್ಲಿಯೇ ಉಳಿಯುತ್ತಾನೆ.

“ಕ್ಷಮಾ ಸಿಕ್ಕಿತಲ್ಲ ಅಜ್ಜಾ, ಮತ್ತ ಯಾಕ ಒಳಗ ಹೋಗಲಿಲ್ಲ?” ಎಂದು ಮೊಮ್ಮಗಳು ಕೇಳಿದಳು. ನನಗೆ ಕೂಡಲೆ ಉತ್ತರ ಹೊರಡಲಿಲ್ಲ.

ವಾಚಕರ ಮುಂದೆ ಒಂದು ಮಾತನ್ನು ಮುಚ್ಚಿಡಲಾರೆ. ನನಗೊಬ್ಬ ತಮ್ಮನಿದ್ದನು. ನಾಲ್ಕು ಎಕರೆ ಎರೆಹೊಲದ ಪಾಲಿನ ವಿಷಯವಾಗಿ ನಮ್ಮಿಬ್ಬರಿಗೆ ಮಾತು ಬಂದು, ಹನ್ನೊಂದು ವರ್ಷ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯಲಿಲ್ಲ. ಕಡೆಯ ದಿನಗಳಲ್ಲಿ ಅವನು ಊರಿನವರೊಬ್ಬರ ಕೈಯಲ್ಲಿ, ಒಂದು ಸಲ ಬಂದು ಹೋಗು ಎಂದು ಚೀಟಿ ಕಳಿಸಿದ್ದನು. ನಾನಾಗ ಬೇರೊಂದು ಊರಿನಲ್ಲಿ ಪ್ರವಚನ ಒಪ್ಪಿಕೊಂಡಿದ್ದೆ. ವಿಷಯ ಸಮತೆ ಮತ್ತು ಕ್ಷಮೆ. ಪ್ರವಚನ ಮುಗಿಸಿ ಹೋದರಾಯಿತೆಂದುಕೊಂಡೆ. ಮುಗಿಯುವ ಮೊದಲೇ ಅವನು ಲಿಂಗೈಕ್ಯನಾದನು. ತಮ್ಮನ ಮಣ್ಣಿಗೆ ಹೋದೆ, ಮಾತಿಗೆ ಹೋಗಲಿಲ್ಲ. ಆ ಚೀಟಿ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಮೊಮ್ಮಗಳಿಗೆ ಈ ಕಥೆಯನ್ನು ಆ ರಾತ್ರಿ ಹೇಳಿದೆ. ಅವಳಿಗೆ ತಿಳಿದಿರಲಿಲ್ಲ; ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಕೇಳಿ ಮುಗಿದ ಮೇಲೆ ಅವಳು ಬೆನ್ ಬಗೆಗೆ ಮತ್ತೆ ಪ್ರಶ್ನೆ ಮಾಡಲಿಲ್ಲ. “ಕಾಕಾನ ಮನ್ಯಾಗ ಯಾರ್‍ಯಾರು ಅದಾರ ಅಜ್ಜಾ?” ಎಂದಷ್ಟೇ ಕೇಳಿದಳು.

ರಜೆ ಮುಗಿಯುವ ಮುನ್ನ ಅವಳನ್ನು ಜೊತೆಗೆ ಕರೆದುಕೊಂಡು ಊರಿಗೆ ಹೋದೆ. ಬಾಗಿಲು ತೆರೆದಿತ್ತು. ಆದರೂ ನಾನು ಹೊರಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೆ. ತಮ್ಮನ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟು, “ಒಳಗ ಬರ್‍ರಿ, ಬಿಸಲಾಗ್ಯದ” ಎಂದಳು. ಪ್ರಸಾದವಾಯಿತು. ಹೊಲದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಮ್ಮನ ಮಗ ಬಸ್ಸಿನ ತನಕ ಬಂದು ಕಳಿಸಿದನು. ಅವನು ಹೆಚ್ಚು ಮಾತನಾಡಲಿಲ್ಲ. ಹನ್ನೊಂದು ವರ್ಷದ ಗಂಟು ಒಂದು ಮಧ್ಯಾಹ್ನದಲ್ಲಿ ಬಿಚ್ಚುವುದಿಲ್ಲ. ಆ ನಾಲ್ಕು ಎಕರೆಯ ಕಾಗದಪತ್ರಗಳನ್ನು ತೆಗೆದುಕೊಂಡು ಬರುವ ಶ್ರಾವಣದಲ್ಲಿ ಮತ್ತೆ ಹೋಗಬೇಕಾಗಿದೆ.

ಆದುದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಯಾವುದೋ ಭೂತಪ್ರೇತದ ಕಥೆಯನ್ನು ಹಿಡಿದು, ಅವನು ನಿಜವಾಗಿ ತಿದ್ದಿಕೊಂಡನೇ, ಆ ಮಗು ಏನಾಯಿತು, ಈ ಪ್ರಶ್ನೆಗೆ ಉತ್ತರ ಏಕಿಲ್ಲ ಎಂದು ವಾದಿಸುತ್ತಿದ್ದರೆ ಒಮ್ಮೆಲೇ ಗದರಬೇಡಿರಿ. ಪೂಜೆ, ಓದು, ನಿದ್ದೆಗಳಿಗೆ ಭಂಗ ಬಾರದಂತೆ ಮಿತಿಯನ್ನು ಹಾಕುವುದು ನಮ್ಮ ಕರ್ತವ್ಯವೇ ಸರಿ. ಮಿತಿ ಹಾಕಿದ ಮೇಲೆ, ಹತ್ತಿರ ಕುಳಿತು ಕೇಳಿರಿ. ನಮ್ಮ ಪುರಾಣಗಳನ್ನೂ ಸಂಪಾದನೆಗಳನ್ನೂ ಅವರ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಸಂದರ್ಭ ದೊರೆಯದು. ಅವರು ಕೇಳುವ ಪ್ರಶ್ನೆ ಕಥೆಯ ಬಗೆಗೆ ಇದ್ದೀತು, ನಮ್ಮ ಮನೆಯ ಬಗೆಗೂ ಇದ್ದೀತು.